ಗ್ರೇಟ್ ಓಷನ್ ರೋಡ್: ಅಪ್ಪ ಅಮ್ಮನ ಜೊತೆ ನಿಧಾನವಾಗಿ ನೋಡಿದ್ದು

ಮೆಲ್ಬರ್ನ್‌ನಲ್ಲಿರುವ ನಮ್ಮವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ಗ್ರೇಟ್ ಓಷನ್ ರೋಡ್ ಎಂಬ ಕರಾವಳಿ ರಸ್ತೆ ತೋರಿಸುವುದು ರೂಢಿ. ಹೆಚ್ಚಿನವರು ಬೆಳಗ್ಗೆ ಬೇಗ ಹೊರಟು, ಸಮುದ್ರದಲ್ಲಿ ನಿಂತ ಟ್ವೆಲ್ವ್ ಅಪಾಸಲ್ಸ್ ಎಂಬ ಕಲ್ಲುಕಂಬಗಳ ಮುಂದೆ ಫೋಟೊ ತೆಗೆದುಕೊಂಡು, ರಾತ್ರಿ ಹೊತ್ತಿಗೆ ಮನೆ ಸೇರುತ್ತಾರೆ. ಒಂದೇ ದಿನದಲ್ಲಿ ಹತ್ತಿರ ಹತ್ತಿರ 500 ಕಿಲೋಮೀಟರ್. ವಯಸ್ಸಾದವರಿಗೆ ಅದು ತುಂಬಾ ಆಯಾಸ. ಅದಕ್ಕಿಂತ ಮುಖ್ಯವಾಗಿ, ಆ ಕರಾವಳಿಯಲ್ಲಿ ನಿಜವಾಗಿ ನೋಡಬೇಕಾದ್ದು ಬೆಳಗಿನ ಹೊತ್ತು ಮತ್ತು ಸಂಜೆ ಹೊತ್ತು. ದಿನದ ಟೂರ್ ಬಸ್‌ಗಳು ಅಲ್ಲಿರುವುದು ನಡು ಮಧ್ಯಾಹ್ನ.

ಹಾಗಾಗಿ ನಾನು ಮಾರ್ಚ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ಒಂದು ರಾತ್ರಿ ಅಪೊಲೊ ಬೇಯಲ್ಲಿ, ಇನ್ನೊಂದು ರಾತ್ರಿ ಪೋರ್ಟ್ ಕ್ಯಾಂಬೆಲ್‌ನಲ್ಲಿ ಉಳಿದುಕೊಂಡೆವು. ಎರಡೂ ಕಡೆ ಕ್ಯಾರವಾನ್ ಪಾರ್ಕ್‌ನ ಕ್ಯಾಬಿನ್. ಒಳಗೇ ಸಣ್ಣ ಅಡುಗೆಮನೆ ಇರುತ್ತೆ, ಹೋಟೆಲ್‌ಗಿಂತ ಕಡಿಮೆ ಖರ್ಚು, ಅಮ್ಮನಿಗೆ ಬೆಳಗ್ಗೆ ತಮ್ಮದೇ ಕಾಫಿ. ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ಆಯ್ಕೆ ಕಮ್ಮಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಒಂದು ಡಬ್ಬಿ ಮೊಸರು ಕಾರಲ್ಲಿದ್ದರೆ ಮತ್ತೇನೂ ಯೋಚನೆ ಇಲ್ಲ.

ಯಾವ ಕಡೆಯಿಂದ ಹೊರಡಬೇಕು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಇಲ್ಲೂ ನಮ್ಮ ಕಡೆಯಂತೆ ರಸ್ತೆಯ ಎಡಬದಿಯಲ್ಲೇ ಗಾಡಿ ಓಡಿಸುವುದು. ರಸ್ತೆ ಶುರುವಾಗುವ ಟಾರ್ಕಿ ಊರಿಂದ ಪಶ್ಚಿಮಕ್ಕೆ ಹೊರಟರೆ ಸಮುದ್ರ ನಿಮ್ಮ ಎಡಕ್ಕೇ ಇರುತ್ತೆ. ನೋಟ ಚೆನ್ನಾಗಿರುವಲ್ಲೆಲ್ಲ ಎಡಕ್ಕೆ ತಿರುಗಿಸಿ ನಿಲ್ಲಿಸಬಹುದು, ಎದುರಿನ ಗಾಡಿಗಳನ್ನು ದಾಟುವ ತಾಪತ್ರಯವಿಲ್ಲ. ವಾಪಸ್ ಬರುವಾಗ ಕೊಲಾಕ್ ಮೇಲೆ ಹೋಗುವ ಒಳದಾರಿ ಹಿಡಿದರೆ ಸುಮಾರು ಮೂರು ತಾಸಿನಲ್ಲಿ ಮೆಲ್ಬರ್ನ್. ಹಾಗೆಂದು ಉಲ್ಟಾ ಹೋಗುವವರೂ ಇದ್ದಾರೆ. ಸಮುದ್ರದ ಪಕ್ಕದ ಕಿಟಕಿಯಲ್ಲಿ ಕೂತ ಅಮ್ಮನ ಮುಖ ನೋಡಿದ ಮೇಲೆ ನಾನಂತೂ ಈ ದಿಕ್ಕನ್ನೇ ಹೇಳುತ್ತೇನೆ.

ಅಪ್ಪ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದವರು. ದೇವಿಮನೆ ಘಾಟಿಯಲ್ಲಿ ಮಳೆಗಾಲದ ಗುಡ್ಡಕುಸಿತ, ಅದನ್ನು ತೆರವು ಮಾಡುವ ಕೆಲಸ, ಎಲ್ಲ ಕಂಡವರು. ಅವರಿಗೆ ಸಮುದ್ರಕ್ಕಿಂತ ರಸ್ತೆಯ ಮೇಲೇ ಕಣ್ಣು. ಲಾರ್ನ್‌ಗಿಂತ ಸ್ವಲ್ಪ ಮೊದಲು ಈಸ್ಟರ್ನ್ ವ್ಯೂ ಎಂಬಲ್ಲಿ ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿಯ ಕಮಾನು ಬರುತ್ತೆ. ಪಕ್ಕದಲ್ಲೇ ಗುದ್ದಲಿ ಹಿಡಿದ ಕೆಲಸಗಾರರ ಕಂಚಿನ ಪ್ರತಿಮೆ. ಅಲ್ಲಿ ಇಳಿದು ಅಪ್ಪನಿಗೆ ಕಥೆ ಹೇಳಿದೆ. ಮೊದಲನೇ ಮಹಾಯುದ್ಧದಿಂದ ವಾಪಸ್ ಬಂದ ಸುಮಾರು 3000 ಸೈನಿಕರು 1919ರಿಂದ 1932ರವರೆಗೆ ಈ ರಸ್ತೆ ಕಡಿದರು. ಯುದ್ಧದಲ್ಲಿ ಸತ್ತ ತಮ್ಮ ಜೊತೆಗಾರರ ನೆನಪಿಗೆಂದೇ ಕಟ್ಟಿದ್ದು ಇದು. ಇಡೀ ರಸ್ತೆಯೇ ಒಂದು ಸ್ಮಾರಕ. ದೊಡ್ಡ ಯಂತ್ರಗಳಿಲ್ಲ. ಗುದ್ದಲಿ, ಪಿಕಾಸಿ, ಸಲಿಕೆ, ಕುದುರೆ ಗಾಡಿ, ಬಂಡೆಗೆ ಮದ್ದು. ಹಣ ಹೊಂದಿಸಿ ಇದರ ಹಿಂದೆ ನಿಂತವರು ಜೀಲಾಂಗ್ ಊರಿನ ಮೇಯರ್ ಆಗಿದ್ದ ಹೋವರ್ಡ್ ಹಿಚ್‌ಕಾಕ್. ರಸ್ತೆ ಪೂರ್ತಿಯಾಗಿ ತೆರೆದ 1932ರಲ್ಲೇ, ಉದ್ಘಾಟನೆಗೆ ಕೆಲವು ತಿಂಗಳು ಮೊದಲು ಅವರು ತೀರಿಕೊಂಡರು. ಶುರುವಿನಲ್ಲಿ ಇಲ್ಲಿ ಟೋಲ್ ಇತ್ತು. 1936ರಲ್ಲಿ ತೆಗೆದರು.

"ಗುದ್ದಲೀಲಿ ಕಡಿದ್ರಾ ಇದನ್ನ?" ಅಂತ ಅಪ್ಪ ಎರಡೆರಡು ಸಲ ಕೇಳಿದರು. ಅಲ್ಲಿಂದ ಅಪೊಲೊ ಬೇವರೆಗೂ ಅವರಿಗೆ ಅದೇ ಧ್ಯಾನ. ಲಾರ್ನ್ ದಾಟಿದ ಮೇಲೆ ರಸ್ತೆ ನಿಜಕ್ಕೂ ಗುಡ್ಡದ ಪಕ್ಕೆಯಲ್ಲೇ ಅಂಟಿಕೊಂಡು ಹೋಗುತ್ತೆ. ಬಲಕ್ಕೆ ಕಡಿದ ಬಂಡೆ, ಎಡಕ್ಕೆ ಕೆಳಗೆ ನೀರು. ಕಲ್ಲು ಉರುಳದಂತೆ ಕೆಲವು ಕಡೆ ಬಂಡೆಗೆ ಉಕ್ಕಿನ ಬಲೆ ಹೊದಿಸಿದ್ದಾರೆ. ಒಂದು ತಂಗುಜಾಗದಲ್ಲಿ ಅಪ್ಪ ಇಳಿದು ಆ ಬಲೆಯ ಬೋಲ್ಟು ಮುಟ್ಟಿ, ಚರಂಡಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬಗ್ಗಿ ನೋಡಿ, "ನೀರು ಹೋಗೋಕೆ ದಾರಿ ಸರಿಯಾಗಿ ಮಾಡಿದ್ದಾರೆ, ಅದಕ್ಕೇ ನಿಂತಿದೆ" ಅಂದರು. ನಾನು ಈ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೆ, ಚರಂಡಿ ನೋಡಿರಲಿಲ್ಲ.

ಈ ಭಾಗ ಸುಮಾರು 45 ಕಿಲೋಮೀಟರ್, ಪೂರ್ತಿ ತಿರುವು. ವಾಂತಿ ಬರುವವರಿದ್ದರೆ ಲಾರ್ನ್‌ನಲ್ಲಿ ಹೊಟ್ಟೆ ತುಂಬಾ ತಿನ್ನಿಸಬೇಡಿ, ಊಟವನ್ನು ಅಪೊಲೊ ಬೇಗೆ ಇಟ್ಟುಕೊಳ್ಳಿ. ಹಿಂದೆ ಗಾಡಿಗಳ ಸಾಲು ಬೆಳೆದರೆ ನಿಧಾನದ ಗಾಡಿಗಳಿಗೆಂದೇ ಮಾಡಿರುವ ಜಾಗಗಳಲ್ಲಿ ಪಕ್ಕಕ್ಕೆ ಸರಿದು ಅವರನ್ನು ಬಿಟ್ಟುಬಿಡಿ. ಅವರಿಗೂ ಸಮಾಧಾನ, ನಮಗೂ ಸಮಾಧಾನ.

ಲಾರ್ನ್‌ಗಿಂತ ಮುಂಚೆ ಸಿಗುವ ಜಾಗಗಳಲ್ಲಿ ಎರಡಕ್ಕೆ ನಿಂತೆವು. ಬೆಲ್ಸ್ ಬೀಚ್ ಸರ್ಫಿಂಗ್‌ಗೆ ಹೆಸರಾದದ್ದು. ಅಲ್ಲಿ 1962ರಲ್ಲಿ ಶುರುವಾದ ಸ್ಪರ್ಧೆ ಈಸ್ಟರ್ ಹೊತ್ತಿಗೆ ನಡೆಯುತ್ತೆ. ಮೇಲಿಂದ ಅಲೆ ನೋಡಿದರೆ ಸಾಕು. ಏರೀಸ್ ಇನ್ಲೆಟ್‌ನ ಬಿಳಿ ದೀಪಸ್ತಂಭ 1891ರದ್ದು, 34 ಮೀಟರ್ ಎತ್ತರ. ಕಾರ್ ಪಾರ್ಕಿಂದ ಹತ್ತಿರ, ಅಮ್ಮನಿಗೆ ಇಷ್ಟವಾಯಿತು.

ಲಾರ್ನ್ ದಾಟಿದ ಮೇಲೆ ಸಿಗುವ ಕೆನೆಟ್ ರಿವರ್ ಊರಿನಲ್ಲಿ ಮಾತ್ರ ಆತುರ ಬೇಡ. ಊರಿನ ಹಿಂದೆ ಗ್ರೇ ರಿವರ್ ರೋಡ್ ಅಂತ ಮಣ್ಣು ದಾರಿ ಮೇಲೆ ಹತ್ತುತ್ತೆ. ಎರಡೂ ಕಡೆ ನೀಲಗಿರಿ ಜಾತಿಯ ಮರಗಳು. ಕೊವಾಲಾ ಹುಡುಕುವಾಗ ಎಲೆಗಳ ನಡುವೆ ನೋಡಬೇಡಿ, ಕೊಂಬೆ ಕವಲೊಡೆಯುವ ಜಾಗ ನೋಡಿ. ಬೂದು ಬಣ್ಣದ ಗಂಟಿನ ಹಾಗೆ ಮುದುರಿಕೊಂಡು ಮಲಗಿರುತ್ತೆ. ದಿನಕ್ಕೆ 20 ತಾಸಿನವರೆಗೂ ನಿದ್ದೆ ಮಾಡುವ ಪ್ರಾಣಿ ಅದು. ಅಮ್ಮನೇ ಮೊದಲು ಕಂಡುಹಿಡಿದರು. ಕೆಳಗೆ ಕೆಂಪು ಎದೆಯ ಗಿಳಿಗಳು ಕೈ ಮೇಲೆ ಬಂದು ಕೂರಲು ನೋಡುತ್ತವೆ. ಏನೂ ತಿನ್ನಿಸಬೇಡಿ. ನಮ್ಮ ಬಿಸ್ಕೆಟ್ಟು ಬ್ರೆಡ್ಡು ಅವಕ್ಕೆ ಕಾಯಿಲೆ ತರುತ್ತೆ.

ಮಾರನೇ ದಿನ ಅಪೊಲೊ ಬೇಯಿಂದ ರಸ್ತೆ ಸಮುದ್ರ ಬಿಟ್ಟು ಕಾಡಿಗೆ ನುಗ್ಗುತ್ತೆ. ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಹೋಗುತ್ತೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮೇಟ್ಸ್ ರೆಸ್ಟ್ ಎಂಬಲ್ಲಿ ಮರದ ಹಲಗೆಯ ಕಾಲುದಾರಿ ಇದೆ, ಸುತ್ತು ಹಾಕಿದರೆ 800 ಮೀಟರ್. ಮರದಷ್ಟು ಎತ್ತರದ ಜರಿಗಿಡ, ಪಾಚಿ ಹತ್ತಿದ, ಬೀಚ್ ಎಂಬ ಜಾತಿಯ ಹಳೇ ಮರಗಳು. ಅಲ್ಲಿಂದ ಮುಂದೆ ಎಡಕ್ಕೆ ತಿರುಗಿ 12 ಕಿಲೋಮೀಟರ್ ಹೋದರೆ ಕೇಪ್ ಆಟ್ವೇ ದೀಪಸ್ತಂಭ. 1848ರಲ್ಲಿ ಬೆಳಗಿದ್ದು. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಉಳಿದಿರುವ ದೀಪಸ್ತಂಭಗಳಲ್ಲಿ ಇದೇ ಹಳೆಯದು. ಒಳಗೆ ಹೋಗಲು ಟಿಕೆಟ್ ಇದೆ, ಆದರೂ ಹೋಗಿ. ಇಂಗ್ಲೆಂಡಿನಿಂದ ತಿಂಗಳುಗಟ್ಟಲೆ ತೇಲಿ ಬಂದ ಹಡಗುಗಳು ಈ ತುದಿ ಮತ್ತು ದಕ್ಷಿಣದ ಕಿಂಗ್ ಐಲ್ಯಾಂಡ್ ನಡುವೆ ನುಸುಳಿ ಮೆಲ್ಬರ್ನ್‌ಗೆ ಹೋಗಬೇಕಿತ್ತು. ಸ್ವಲ್ಪ ಲೆಕ್ಕ ತಪ್ಪಿದರೂ ಬಂಡೆ. ಇದನ್ನು ಇಲ್ಲಿ ನಿಂತು ತಿಳಿದುಕೊಂಡರೆ ಮುಂದೆ ಲಾಕ್ ಆರ್ಡ್ ಗಾರ್ಜ್ ಎಂಬ ಕಣಿವೆಯಲ್ಲಿ ಕೇಳುವ ಹಡಗಿನ ಕಥೆ ಮನಸ್ಸಿಗೆ ನಾಟುತ್ತೆ.

ಟ್ವೆಲ್ವ್ ಅಪಾಸಲ್ಸ್‌ಗೆ ನಾವು ಬೇಕೆಂದೇ ಸಂಜೆ ಐದರ ಮೇಲೆ ತಲುಪಿದೆವು. ಬಸ್‌ಗಳು ಹೊರಟಿದ್ದವು, ಪಾರ್ಕಿಂಗ್ ಸುಲಭವಾಗಿ ಸಿಕ್ಕಿತು. ಅಲ್ಲಿ ಬೀಸುವ ಗಾಳಿ ಸೀದಾ ದಕ್ಷಿಣದ್ದು. ಇಲ್ಲಿಂದ ಅಂಟಾರ್ಕ್ಟಿಕಾವರೆಗೆ ನಡುವೆ ನೆಲವೇ ಇಲ್ಲ. ಬೇಸಿಗೆಯಲ್ಲೂ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ನನ್ನ ಜಾಕೆಟ್ ಹಾಕಿಕೊಂಡರು.

ಇಲ್ಲಿ ಬೆಳಕಿನ ವಿಷಯ ಗೊತ್ತಿರಬೇಕು. ಕಟ್ಟೆಯ ಮೇಲೆ ನಿಂತರೆ ಹೆಚ್ಚಿನ ಕಂಬಗಳು ನಿಮ್ಮ ಪಶ್ಚಿಮಕ್ಕಿವೆ. ಸಂಜೆ ಸೂರ್ಯ ಅವುಗಳ ಹಿಂದೆ ಇಳಿಯುವುದರಿಂದ ಅವು ಕಪ್ಪು ನೆರಳಾಗಿ ಕಾಣುತ್ತವೆ. ಆಗ ತಿರುಗಿ ಪೂರ್ವಕ್ಕೆ ನೋಡಬೇಕು. ಅಲ್ಲಿರುವ ಜೋಡಿ ಕಂಬಗಳ ಮೇಲೆ ಅದೇ ಹೊತ್ತಿಗೆ ಪೂರ್ತಿ ಹೊಂಬಿಸಿಲು. ಬೆಳಗ್ಗೆ ಇದು ಉಲ್ಟಾ, ಪಶ್ಚಿಮದ ಸಾಲು ಬೆಳಗುತ್ತೆ. ಸುಣ್ಣಕಲ್ಲಿನ ಪದರ ಪದರ ಬಿಡಿಸಿ ನೋಡಬೇಕಾದರೆ ಬೆಳಗ್ಗೆಯೇ ಬರಬೇಕು. ಎರಡು ಹೊತ್ತೂ ನೋಡಬೇಕು ಅಂತಲೇ ಪೋರ್ಟ್ ಕ್ಯಾಂಬೆಲ್‌ನಲ್ಲಿ ರಾತ್ರಿ ಉಳಿಯುವುದು. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಕಾರಿಗೆ ಓಡುತ್ತಾರೆ. ನೀವು ಇನ್ನು ಸ್ವಲ್ಪ ನಿಲ್ಲಿ. ಕತ್ತಲಾಗುವ ಹೊತ್ತಿಗೆ ಕೆಳಗಿನ ಮರಳಿಗೆ ಪುಟ್ಟ ಪೆಂಗ್ವಿನ್‌ಗಳು ಗುಂಪಾಗಿ ಹತ್ತುತ್ತವೆ. ಬೈನಾಕ್ಯುಲರ್ ಇದ್ದರೆ ಚೆನ್ನಾಗಿ ಕಾಣುತ್ತೆ. ಟಾರ್ಚ್ ಬೆಳಕು ಮಾತ್ರ ಹಾಕಬೇಡಿ, ಅವು ಹೆದರುತ್ತವೆ.

ಹೆಸರಲ್ಲಿ ಹನ್ನೆರಡು ಇದ್ದರೂ ಕಂಬಗಳು ಅಷ್ಟಿಲ್ಲ. 2005ರ ಜುಲೈ 3ರಂದು ಒಂದು ಕುಸಿದುಬಿತ್ತು, ಅದರ ಕಲ್ಲುರಾಶಿ ಈಗಲೂ ನೀರಲ್ಲಿ ಕಾಣುತ್ತೆ. ಇದನ್ನು ಕೇಳಿ ಅಮ್ಮ "ಅಯ್ಯೋ" ಅಂದರು. ಅಪ್ಪನಿಗೆ ಇದು ಹೇಗಾಗುತ್ತೆ ಅನ್ನುವ ಕುತೂಹಲ. ಅದಕ್ಕೆ ಉತ್ತರ ಈ ಕರಾವಳಿಯಲ್ಲೇ, ಸುಮಾರು ಇಪ್ಪತ್ತು ಕಿಲೋಮೀಟರ್ ಒಳಗೆ ಸಿಗುತ್ತೆ. ಅಲೆ ಮೊದಲು ಮೆತ್ತನೆಯ ಸುಣ್ಣಕಲ್ಲನ್ನು ಕೊರೆದು ಗುಹೆ ಮಾಡುತ್ತೆ. ಭೂಶಿರದ ಎರಡೂ ಕಡೆಯಿಂದ ಗುಹೆ ಬೆಳೆದು ಸೇರಿದರೆ ಕಮಾನು. ಕಮಾನಿನ ಮೇಲ್ಭಾಗ ಬಿದ್ದರೆ ಕಂಬ. ಕಂಬದ ಬುಡ ಸವೆದರೆ ಕಲ್ಲುರಾಶಿ. ಇಲ್ಲಿ ನಾಲ್ಕೂ ಹಂತಗಳನ್ನು ಕಣ್ಣಾರೆ ನೋಡಬಹುದು. ಹಾಗೆ ನೋಡಿದಾಗಲೇ ಇವು ಬರೀ ಫೋಟೊ ಜಾಗಗಳಲ್ಲ ಅಂತ ಅನಿಸುವುದು.

ಮರುದಿನ ಬೆಳಗ್ಗೆ ಮೊದಲು ಲಾಕ್ ಆರ್ಡ್ ಗಾರ್ಜ್‌ಗೆ ಹೋದೆವು. ನನ್ನನ್ನು ಕೇಳಿದರೆ ಇಡೀ ದಾರಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೇ, ಅಪಾಸಲ್ಸ್‌ಗಿಂತಲೂ ಜಾಸ್ತಿ. 1878ರ ಜೂನ್ 1ರ ನಸುಕಿನಲ್ಲಿ ಲಾಕ್ ಆರ್ಡ್ ಎಂಬ ಹಡಗು ಪಕ್ಕದ ಮಟನ್‌ಬರ್ಡ್ ದ್ವೀಪದ ಹತ್ತಿರ ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದವರು 54 ಜನ. ಉಳಿದದ್ದು ಇಬ್ಬರೇ. ಟಾಮ್ ಪಿಯರ್ಸ್ ಎಂಬ ಎಳೆಯ ನಾವಿಕ, ಈವಾ ಕಾರ್ಮೈಕಲ್ ಎಂಬ ಹುಡುಗಿ. ಟಾಮ್ ಮಗುಚಿದ ದೋಣಿ ಹಿಡಿದು ಈ ಕಣಿವೆಯೊಳಗೆ ಬಂದು ಬಿದ್ದ. ಈವಾಳ ಕೂಗು ಕೇಳಿ ಮತ್ತೆ ನೀರಿಗೆ ಇಳಿದು ಅವಳನ್ನು ಎಳೆದು ತಂದು ಗುಹೆಯಲ್ಲಿ ಮಲಗಿಸಿದ. ಆಮೇಲೆ ಬಂಡೆ ಹತ್ತಿ ಸಹಾಯ ಹುಡುಕಿಕೊಂಡು ಹೋದ. ಅವಳ ಅಪ್ಪ, ಅಮ್ಮ, ಜೊತೆಗೆ ಬಂದಿದ್ದ ಒಡಹುಟ್ಟಿದವರು ಎಲ್ಲರೂ ಹೋಗಿದ್ದರು.

ಮೆಟ್ಟಿಲು ಇಳಿದು ಕೆಳಗೆ ಮರಳಿನಲ್ಲಿ ನಿಲ್ಲಬೇಕು. ಎರಡು ಕಡೆ ಹಳದಿ ಬಂಡೆ ನೆಟ್ಟಗೆ ನಿಂತಿದೆ. ಸಮುದ್ರದ ಕಡೆ ಬಾಯಿ ಕಿರಿದು, ಅಲೆ ಅಷ್ಟರಲ್ಲೇ ತೂರಿ ಒಳಗೆ ಬಂದು ಅಗಲವಾಗಿ ಹರಡಿ, ಪಾದದ ಹತ್ತಿರ ತೆಳ್ಳಗಾಗುತ್ತೆ. ಹೊರಗಿನ ಅಬ್ಬರಕ್ಕೂ ಒಳಗಿನ ಮರಳಿಗೂ ಸಂಬಂಧವೇ ಇಲ್ಲ ಅನಿಸುತ್ತೆ. ಈಜು ಬಲ್ಲವರೂ ಇಲ್ಲಿ ನೀರಿಗೆ ಇಳಿಯಬಾರದು, ಸೆಳೆತ ಭಾರಿ. ಅಮ್ಮ ಬಹಳ ಹೊತ್ತು ನಿಂತು, "ಪಾಪ, ಆ ಹುಡುಗಿಗೆ ಆಮೇಲೆ ಏನಾಯ್ತು?" ಅಂತ ಕೇಳಿದರು. ಐರ್ಲೆಂಡಿಗೆ ವಾಪಸ್ ಹೋದಳು ಅಂದೆ. ಇಬ್ಬರೂ ಮದುವೆಯಾಗಲಿ ಅಂತ ಊರೆಲ್ಲ ಆಸೆಪಟ್ಟಿತ್ತು, ಆಗಲಿಲ್ಲ. ಮೇಲೆ ಸಣ್ಣ ಸ್ಮಶಾನ ಇದೆ. ಪಕ್ಕದಲ್ಲಿದ್ದ ಐಲ್ಯಾಂಡ್ ಆರ್ಚ್‌ವೇ ಎಂಬ ಕಮಾನು 2009ರಲ್ಲಿ ಬಿದ್ದು ಎರಡು ಕಂಬವಾದಾಗ ಅವಕ್ಕೆ ಟಾಮ್, ಈವಾ ಅಂತಲೇ ಹೆಸರಿಟ್ಟರು.

ಮೊಣಕಾಲು ನೋವಿದ್ದವರಿಗೆ ಮೇಲಿನ ದಾರಿಯಿಂದಲೂ ಕಣಿವೆ ಚೆನ್ನಾಗಿ ಕಾಣುತ್ತೆ. ಅಪಾಸಲ್ಸ್ ಹತ್ತಿರ ಕೆಳಗಿನ ಮರಳಿಗೆ ಇಳಿಯುವ ಗಿಬ್ಸನ್ ಸ್ಟೆಪ್ಸ್‌ನ 86 ಮೆಟ್ಟಿಲುಗಳನ್ನು ನಾವು ಬಿಟ್ಟೆವು. ಕಲ್ಲು ಬೀಳುವ ಭಯಕ್ಕೆ ಅದನ್ನು ಆಗಾಗ ಮುಚ್ಚುತ್ತಾರೆ, ಹೋಗುವ ಮೊದಲು ನೋಡಿಕೊಳ್ಳಿ.

ಪೋರ್ಟ್ ಕ್ಯಾಂಬೆಲ್ ದಾಟಿದ ಮೇಲೆ ಲಂಡನ್ ಬ್ರಿಡ್ಜ್ ಎಂಬ ಬಂಡೆ. ಮೊದಲು ನೆಲಕ್ಕೆ ಅಂಟಿದ ಎರಡು ಕಮಾನಿನ ಸೇತುವೆಯಂತಿತ್ತು. 1990ರ ಜನವರಿ 15ರಂದು ನೆಲದ ಕಡೆಯ ಕಮಾನು ಬಿತ್ತು. ಆ ಹೊತ್ತಿಗೆ ಆಚೆ ತುದಿಯಲ್ಲಿದ್ದ ಇಬ್ಬರು ಅಲ್ಲೇ ಸಿಕ್ಕಿಕೊಂಡು, ಕೊನೆಗೆ ಹೆಲಿಕಾಪ್ಟರ್ ಬಂದು ಅವರನ್ನು ಇಳಿಸಿತು. ಅಪ್ಪ ಉಳಿದ ಕಮಾನಿನ ಮೇಲ್ಭಾಗ ತೋರಿಸಿ, "ಇದೂ ಒಂದಿನ ಹೋಗತ್ತೆ ಅಲ್ವಾ?" ಅಂದರು. ಹೌದು, ಹೋಗುತ್ತೆ. ಅದಕ್ಕೇ ಇಲ್ಲಿ ಬೇಲಿ ದಾಟಬೇಡಿ ಅಂತ ಎಲ್ಲ ಕಡೆ ಬರೆದಿರುವುದು. ಒಂದು ಸೆಲ್ಫಿಗಾಗಿ ಬೇಲಿ ಹಾರುವವರನ್ನು ಪ್ರತಿ ಸಲ ನೋಡುತ್ತೇನೆ. ನಿಂತ ನೆಲದ ಕೆಳಗೆ ಗುಹೆ ಇದೆಯೋ ಇಲ್ಲವೋ ಮೇಲಿಂದ ಗೊತ್ತಾಗುವುದಿಲ್ಲ. ಮಕ್ಕಳಿದ್ದರೆ ಕೈ ಬಿಡಬೇಡಿ.

ಇನ್ನೂ ಸಮಯವಿದ್ದರೆ ವಾರ್ನಂಬೂಲ್‌ವರೆಗೆ ಹೋಗಿ. ಲಾಕ್ ಆರ್ಡ್ ಹಡಗಿನಲ್ಲಿ 1880ರ ಮೆಲ್ಬರ್ನ್ ಪ್ರದರ್ಶನಕ್ಕೆಂದು ಪಿಂಗಾಣಿಯ ದೊಡ್ಡ ನವಿಲೊಂದು ಬರುತ್ತಿತ್ತು. ಅಷ್ಟು ಜನ ಸತ್ತ ಆ ಕಣಿವೆಗೆ ಅದು ಪೆಟ್ಟಿಗೆಯಲ್ಲೇ ತೇಲಿ ಬಂದು ದಡ ಸೇರಿತು. ಈಗ ವಾರ್ನಂಬೂಲ್‌ನ ಫ್ಲಾಗ್‌ಸ್ಟಾಫ್ ಹಿಲ್ ಮ್ಯೂಸಿಯಂನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋದರೆ ಅದೇ ಊರಿನ ಲೋಗನ್ಸ್ ಬೀಚ್ ಕಟ್ಟೆಯಿಂದ ಮರಿ ಹಾಕಲು ಬರುವ ತಿಮಿಂಗಿಲಗಳನ್ನೂ ನೋಡಬಹುದು. ಚಳಿಗಾಲ ಅಂತ ಬಿಡಬೇಡಿ.

ಜನವರಿ ರಜೆ ಮತ್ತು ಈಸ್ಟರ್‌ನಲ್ಲಿ ರೂಮು ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಬೇಸಿಗೆಯಲ್ಲಿ ಹೊರಡುವ ಬೆಳಗ್ಗೆ ವಿಕ್‌ಎಮರ್ಜೆನ್ಸಿ ಆಪ್ ತೆರೆದು ಕಾಡ್ಗಿಚ್ಚಿನ ಸೂಚನೆ ನೋಡಿ. 1983ರ ಬೆಂಕಿಯಲ್ಲಿ ಈಸ್ಟರ್ನ್ ವ್ಯೂನ ಕಮಾನೇ ಸುಟ್ಟುಹೋಗಿ, ಮತ್ತೆ ಕಟ್ಟಿದರು. ವಾಪಸ್ ಬರುವಾಗ ಒಳದಾರಿಯಲ್ಲಿ ಕತ್ತಲಾಗುವ ಮೊದಲೇ ಕೊಲಾಕ್ ದಾಟಿಬಿಡಿ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ನುಗ್ಗುತ್ತವೆ. ನಾವು ಮಧ್ಯಾಹ್ನ ಎರಡಕ್ಕೇ ಹೊರಟೆವು, ಕೊಲಾಕ್‌ನಲ್ಲಿ ಪೆಟ್ರೋಲ್ ಹಾಕಿಸಿ ಟೀ ಕುಡಿದು, ಬೆಳಕಿರುವಾಗಲೇ ಮನೆ ತಲುಪಿದೆವು.