ಕ್ಯಾಲಿಫೋರ್ನಿಯಾದ ವಿಶೇಷ ನಂಬರ್ ಪ್ಲೇಟ್: ಸಂಘಸಂಸ್ಥೆಗಳೂ ವಾಹನ ಮಾಲೀಕರೂ ಅರಿತಿರಬೇಕಾದ ನಿಯಮಗಳು

ತಿಮಿಂಗಿಲದ ಬಾಲ, ಯೊಸೆಮಿಟಿಯ ಬೆಟ್ಟ, ಮಕ್ಕಳ ಅಂಗೈ ಮುಂತಾದ ಚಿತ್ರಗಳಿರುವ ನಂಬರ್ ಪ್ಲೇಟ್‌ಗಳು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ. ಅಂಥ ಪ್ರತಿಯೊಂದು ಫಲಕಕ್ಕೂ ಮಾಲೀಕರು ಕೊಡುವ ಹೆಚ್ಚುವರಿ ಶುಲ್ಕದ ಒಂದು ಪಾಲು ಯಾವುದಾದರೊಂದು ಸಾರ್ವಜನಿಕ ಕಾರ್ಯಕ್ಕೆ ಸಲ್ಲುತ್ತದೆ. ಇದನ್ನು ಕಂಡ ಅಲ್ಲಿನ ಕನ್ನಡಿಗರಿಗೆ ತಮ್ಮ ಸಂಘದ ಹೆಸರಿನಲ್ಲೂ ಒಂದು ಫಲಕ ತರಬಹುದಲ್ಲವೇ ಎಂಬ ಆಸೆ ಮೂಡುವುದು ಸಹಜ. ಆದರೆ ಸದಸ್ಯರಿಂದ ಹಣ ಸಂಗ್ರಹಿಸುವ ಮೊದಲೇ ತಿಳಿಯಬೇಕಾದ ಮುಖ್ಯ ನಿಯಮವೆಂದರೆ, ಆ ರಾಜ್ಯದಲ್ಲಿ ಹೊಸ ಫಲಕಕ್ಕೆ ಪ್ರಾಯೋಜಕರಾಗುವ ಅಧಿಕಾರ ರಾಜ್ಯ ಸರ್ಕಾರದ ಇಲಾಖೆ, ಮಂಡಳಿ, ಆಯೋಗಗಳಿಗೆ ಮಾತ್ರ ಇದೆ.

ಮೊದಲು ಹೀಗಿರಲಿಲ್ಲ. ಖಾಸಗಿ ಸಂಸ್ಥೆಗಳ ಫಲಕಗಳಿಗೆ ಶಾಸನಸಭೆಯೇ ಒಂದೊಂದಾಗಿ ಅನುಮತಿ ನೀಡುತ್ತಿತ್ತು. ಯಾರ ಸಂದೇಶಕ್ಕೆ ಅನುಮತಿ, ಯಾರದಕ್ಕೆ ನಿರಾಕರಣೆ ಎಂಬುದಕ್ಕೆ ಸ್ಪಷ್ಟ ಮಾನದಂಡವಿಲ್ಲದ ಈ ಪದ್ಧತಿ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2004ರಲ್ಲಿ ಫೆಡರಲ್ ನ್ಯಾಯಾಲಯವೊಂದು ತೀರ್ಪಿತ್ತಿತು. ಅದರ ಫಲವಾಗಿ 2006ರಲ್ಲಿ ಬಂದ ಕಾನೂನಿನ ಪ್ರಕಾರ ಫಲಕದ ಚಿತ್ರವಾಗಲಿ ಸಂದೇಶವಾಗಲಿ ಸರ್ಕಾರಿ ಸಂಸ್ಥೆಯೊಂದರ ಕೆಲಸವನ್ನೋ ಅಧಿಕೃತ ಧೋರಣೆಯನ್ನೋ ಪ್ರಚುರಪಡಿಸುವಂತಿರಬೇಕು. ಈ ನಿರ್ಬಂಧ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಒಂದು ಸಂಘಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ನಿರಾಕರಿಸಲು ಸರ್ಕಾರಕ್ಕೆ ಸಮರ್ಥ ಕಾರಣವಿರಲೇಬೇಕಾಗುತ್ತದೆ.

ಹಾಗೆಂದು ನಾಗರಿಕರಿಗೆ ದಾರಿ ಮುಚ್ಚಿಹೋಗಿಲ್ಲ. ಸಾಕುಪ್ರಾಣಿಗಳ ಸಂತಾನಶಕ್ತಿ ಹರಣ ಚಿಕಿತ್ಸೆಗೆ ನೆರವಾಗುವ ಫಲಕವನ್ನು ಪ್ರಾಣಿದಯಾ ಕಾರ್ಯಕರ್ತರು ರಾಜ್ಯದ ಪಶುವೈದ್ಯಕೀಯ ಮಂಡಳಿಯ ಪ್ರಾಯೋಜಕತ್ವದಲ್ಲಿ ಸಾಧಿಸಿಕೊಂಡರು. ಆದ್ದರಿಂದ ನಿಮ್ಮ ಉದ್ದೇಶಕ್ಕೆ ಹತ್ತಿರದ ಕೆಲಸ ಮಾಡುತ್ತಿರುವ ಸರ್ಕಾರಿ ಸಂಸ್ಥೆ ಯಾವುದೆಂದು ಗುರುತಿಸಿ, ಅದನ್ನು ಒಪ್ಪಿಸುವುದೇ ಮೊದಲ ಹೆಜ್ಜೆಯಾಗಬೇಕು. ಆಮೇಲಿನ ಹೆಜ್ಜೆ ಇನ್ನೂ ಕಠಿಣ: ಕನಿಷ್ಠ 7,500 ಅರ್ಜಿಗಳನ್ನು ಶುಲ್ಕಸಮೇತ 12 ತಿಂಗಳೊಳಗೆ ಸಂಗ್ರಹಿಸಬೇಕು. ಅವಧಿಯನ್ನು ಇನ್ನೊಂದು ವರ್ಷ ವಿಸ್ತರಿಸಿಕೊಳ್ಳಬಹುದಾದರೂ, ಆಗ ಹಣ ಕಟ್ಟಿದವರಿಗೆ ವಿಷಯ ತಿಳಿಸಿ, ಬಯಸಿದವರಿಗೆ ಹಣ ಹಿಂದಿರುಗಿಸಬೇಕು. ವಿನ್ಯಾಸಕ್ಕೆ ಸಿಗುವ ಜಾಗವೂ ಕಿರಿದು. ಅಂಕಿಗಳ ಎಡಕ್ಕೆ 2 ಇಂಚು ಅಗಲ, 3 ಇಂಚು ಎತ್ತರದಷ್ಟು ಜಾಗ ಮತ್ತು ಅಂಕಿಗಳ ಕೆಳಗೆ ಒಂದು ಸಣ್ಣ ಪಟ್ಟಿ ಬಿಟ್ಟರೆ ಬೇರೇನೂ ಇರದು. ಮುಂದೆ ಬಳಕೆ 7,500ಕ್ಕಿಂತ ಕೆಳಗಿಳಿದು ಒಂದು ವರ್ಷದೊಳಗೆ ಚೇತರಿಸಿಕೊಳ್ಳದಿದ್ದರೆ ಹೊಸ ಫಲಕಗಳ ವಿತರಣೆ ನಿಲ್ಲುತ್ತದೆ. ಈಗಾಗಲೇ ಪಡೆದವರು ಮಾತ್ರ ಅದನ್ನು ನವೀಕರಿಸಿಕೊಂಡು ಬಳಸಬಹುದು.

ಈಗಾಗಲೇ ಚಾಲ್ತಿಯಲ್ಲಿರುವ ಫಲಕವೊಂದನ್ನು ಪಡೆಯುವುದು ಸುಲಭ. ಮೋಟಾರು ವಾಹನ ಇಲಾಖೆಯ, ಅಂದರೆ ಡಿಎಂವಿಯ, ಜಾಲತಾಣದಲ್ಲಿ ಅಥವಾ ರೆಗ್ 17 ಎಂಬ ನಮೂನೆಯಲ್ಲಿ ಅರ್ಜಿ ಸಲ್ಲಿಸಬಹುದು. 2006ರ ಕಾನೂನು ನಿಗದಿಪಡಿಸಿದ ಶುಲ್ಕ ಆರಂಭದಲ್ಲಿ 50 ಡಾಲರ್, ಪ್ರತಿ ವರ್ಷದ ನವೀಕರಣಕ್ಕೆ 40 ಡಾಲರ್. ಅಕ್ಷರಗಳನ್ನು ನೀವೇ ಆರಿಸಿಕೊಳ್ಳುವುದಾದರೆ ಅದು 103 ಮತ್ತು 83 ಡಾಲರ್ ಆಗುತ್ತದೆ. ಇದೆಲ್ಲವೂ ಮಾಮೂಲಿ ನೋಂದಣಿ ಶುಲ್ಕದ ಮೇಲಿನ ಹೊರೆ ಎಂಬುದನ್ನು ಮರೆಯಬಾರದು. ಕನ್ನಡ ಎಂಬ ಪದವನ್ನು ರೋಮನ್ ಲಿಪಿಯಲ್ಲಿ ಬರೆದರೆ ಏಳು ಅಕ್ಷರಗಳಾಗುತ್ತವೆ. ಸಾಮಾನ್ಯ ವೈಯಕ್ತಿಕ ಫಲಕದಲ್ಲಿ ಅದು ಸರಿಯಾಗಿ ಹೊಂದಿಕೊಳ್ಳುತ್ತದೆ, ಆದರೆ ಎಡಬದಿಯಲ್ಲಿ ಚಿತ್ರವಿರುವ ಫಲಕಗಳಲ್ಲಿ ಆರಕ್ಕಿಂತ ಹೆಚ್ಚು ಅಕ್ಷರಗಳಿಗೆ ಎಡೆಯಿಲ್ಲ. ವಾಹನ ಗುತ್ತಿಗೆಯದಾಗಿದ್ದರೆ ಅದರ ಒಡೆತನವುಳ್ಳ ಕಂಪನಿಯ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಕಾರು ಮಾರುವಾಗ ವಿಶೇಷ ಫಲಕವನ್ನು ಉಳಿಸಿಕೊಂಡು, ವರ್ಗಾವಣೆ ಶುಲ್ಕ ತೆತ್ತು ಮುಂದಿನ ವಾಹನಕ್ಕೆ ಹಾಕಿಸಿಕೊಳ್ಳಬಹುದು.

ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಖಂಡಿತ ವಿಚಾರಿಸಬೇಕು. ಡಿಎಂವಿ ತನ್ನ ವೆಚ್ಚವನ್ನು ಮುರಿದುಕೊಂಡ ಬಳಿಕವಷ್ಟೇ ಉಳಿದದ್ದು ಪ್ರಾಯೋಜಕ ಸಂಸ್ಥೆಯ ನಿಧಿಗೆ ಸೇರುತ್ತದೆ, ಮತ್ತು 2006ರ ಕಾನೂನಿನಡಿ ಬಂದ ಫಲಕಗಳ ವಿಷಯದಲ್ಲಿ ಆ ಸಂಸ್ಥೆ ಆಡಳಿತಕ್ಕೂ ಪ್ರಚಾರಕ್ಕೂ ಸೇರಿ ಶೇ. 25ಕ್ಕಿಂತ ಹೆಚ್ಚು ಬಳಸುವಂತಿಲ್ಲ. ತಿಮಿಂಗಿಲ ಬಾಲದ ಫಲಕದಿಂದ ಬಂದ ಹಣದಲ್ಲಿ ಕರಾವಳಿ ಆಯೋಗವು ಸಮುದ್ರತೀರದ ಶಿಕ್ಷಣ ಕಾರ್ಯಕ್ರಮಗಳಿಗೆ ಅನುದಾನ ನೀಡುತ್ತದೆ. ಆ ಅನುದಾನಕ್ಕೆ ಲಾಭರಹಿತ ಸಂಸ್ಥೆಗಳು ಅರ್ಜಿ ಹಾಕಬಹುದಾದ್ದರಿಂದ, ತನ್ನದೇ ಫಲಕ ಪಡೆಯಲಾಗದ ಸಂಘವೊಂದು ಮಕ್ಕಳಿಗಾಗಿ ಕಡಲತೀರದ ಕಲಿಕೆಯ ಯೋಜನೆಯನ್ನು ರೂಪಿಸಿ ಅಲ್ಲಿ ಸಲ್ಲಿಸಲು ಅವಕಾಶವಿದೆ.