ಪಾಂಗ್ ಆಟದಲ್ಲಿ ಬ್ಯಾಟ್ ತಡವಾಗಿ ಸರಿಯುತ್ತಿತ್ತು, ಸರಿಮಾಡಿದ್ದು ಹೀಗೆ

ಕಾಲೇಜಿನ ಪ್ರಾಜೆಕ್ಟ್‌ಗೆ ಪಾಂಗ್ ಆಟ ಮಾಡಿದೆವು, ಪರದೆಯ ಮೇಲೆ ಬ್ಯಾಟ್ ಸರಿಸಿ ಚೆಂಡು ಹೊಡೆಯುವ ಹಳೆಯ ವಿಡಿಯೋ ಆಟ ಅದು. 1972ರ ಅಟಾರಿ ಪಾಂಗ್‌ನಲ್ಲೂ ಬ್ಯಾಟ್ ಓಡಿಸಲು ತಿರುಗಿಸುವ ಗುಂಡಿಯೇ ಇತ್ತು. ನಮಗೂ ಅದೇ ಬೇಕಿತ್ತು. ಆರ್ಡುಯಿನೋ ಊನೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ 10 ಕಿಲೋ ಓಮ್‌ನ ಪೊಟೆನ್ಶಿಯೋಮೀಟರ್ (ತಿರುಗಿಸಿದಂತೆ ವೋಲ್ಟೇಜ್ ಬದಲಿಸುವ ಗುಂಡಿ) ಜೋಡಿಸಿ, ಆಟವನ್ನು ಪೈಥಾನ್ ಭಾಷೆಯ ಪೈಗೇಮ್‌ನಲ್ಲಿ ಬರೆದೆವು. ಬೋರ್ಡ್ ಗುಂಡಿಯ ಸ್ಥಾನ ಅಳೆದು, ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಕಳಿಸುತ್ತದೆ.

ಶುರುವಿನಲ್ಲಿ ಚೆನ್ನಾಗಿತ್ತು. ಆಮೇಲೆ ಗುಂಡಿ ತಿರುಗಿಸಿದರೆ ಬ್ಯಾಟ್ ತಡವಾಗಿ ಸರಿಯತೊಡಗಿತು. ಆಡಿದಷ್ಟೂ ತಡ ಜಾಸ್ತಿ. ಇದೇ ದೊಡ್ಡ ಸುಳಿವು. ವೈರ್ ಸಡಿಲವಾಗಿದ್ದರೆ ತಡ ಹೀಗೆ ಬೆಳೆಯುವುದಿಲ್ಲ, ಅಲ್ವಾ? ಎಲ್ಲೋ ಡೇಟಾ ಸಾಲುಗಟ್ಟಿ ನಿಲ್ಲುತ್ತಿರಬೇಕು.

ಲೆಕ್ಕ ಹಾಕಿದೆ. ಬೋರ್ಡ್ ಡೇಟಾ ಕಳಿಸುವ ವೇಗ 9600 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಮೂರಂಕಿಯ ಸಂಖ್ಯೆಗೆ ಸಾಲು ಮುಗಿಸುವ ಎರಡು ಗುರುತು ಸೇರಿ 5 ಅಕ್ಷರ. ಅಂದರೆ ಬೋರ್ಡ್ ಸೆಕೆಂಡಿಗೆ 190ರಷ್ಟು ಅಳತೆ ಕಳಿಸುತ್ತದೆ. ಆಟ ಓದುವುದು ಫ್ರೇಮಿಗೆ (ಪರದೆಯಲ್ಲಿ ಮೂಡುವ ಒಂದು ಚಿತ್ರಕ್ಕೆ) ಒಂದರಂತೆ 60 ಮಾತ್ರ. ಉಳಿದದ್ದೆಲ್ಲ ಕಂಪ್ಯೂಟರಿನ ಬಫರ್‌ನಲ್ಲಿ, ಅಂದರೆ ಬಂದ ಡೇಟಾ ಕಾಯುವ ಜಾಗದಲ್ಲಿ, ಕೂರುತ್ತದೆ. ಬ್ಯಾಟ್ ಹಳೆಯ ಅಳತೆಯನ್ನೇ ಹಿಂಬಾಲಿಸುತ್ತದೆ.

ಪ್ರತಿ ಫ್ರೇಮಿನಲ್ಲೂ ಬಫರ್‌ನಲ್ಲಿರುವುದನ್ನೆಲ್ಲ ಓದಿ, ಕೊನೆಯ ಅಳತೆಯನ್ನು ಮಾತ್ರ ಇಟ್ಟುಕೊಳ್ಳುವಂತೆ ಕೋಡ್ ಬದಲಿಸಿದೆ. ಬೋರ್ಡ್ 20 ಮಿಲಿಸೆಕೆಂಡಿಗೊಮ್ಮೆ ಮಾತ್ರ ಕಳಿಸುವಂತೆಯೂ ಮಾಡಿದೆ. ತಡ ಪೂರ್ತಿ ಹೋಯಿತು. ಸುಮ್ನೆ ಬಾಡ್ ವೇಗವನ್ನು 115200ಕ್ಕೆ ಏರಿಸಬೇಡಿ. ಹಾಗೆ ಮಾಡಿದರೆ ಬಫರ್ ಇನ್ನೂ ಬೇಗ ತುಂಬುತ್ತದೆ.

ಒಂದು ಸಣ್ಣ ತೊಂದರೆ ಉಳಿದಿತ್ತು. ಗುಂಡಿ ಮುಟ್ಟದಿದ್ದರೂ ಬ್ಯಾಟ್ ನಡುಗುತ್ತಿತ್ತು. ಅಳತೆಯ ಸಣ್ಣ ಏರಿಳಿತ ತಗ್ಗಿಸಲು ಪೊಟೆನ್ಶಿಯೋಮೀಟರಿನ ನಡುವಿನ ಕಾಲಿಗೂ ಗ್ರೌಂಡಿಗೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಕೋಡಿನಲ್ಲಿ ಎಂಟು ಅಳತೆಗಳ ಸರಾಸರಿ ತೆಗೆದೆ. ಈಗ ಚೆಂಡು ಎಷ್ಟೇ ಜೋರಾಗಿ ಬಂದರೂ ಆರಾಮಾಗಿ ಹಿಡಿಯಬಹುದು.