ಟ್ರೇಡ್ ಮಾರ್ಕ್ ದಾವೆಯಲ್ಲಿ ಪಾಟೀಸವಾಲು: ನನ್ನ ಅನುಭವ

ಟ್ರೇಡ್ ಮಾರ್ಕ್ ವಕೀಲ ಎಂದರೆ ಇಂಜಂಕ್ಷನ್ ತರುವವನು ಎಂದೇ ಕಕ್ಷಿದಾರರ ಎಣಿಕೆ. ಮಧ್ಯಂತರ ತಡೆಯಾಜ್ಞೆ ಸಿಕ್ಕ ಮೇಲೆ ಎಷ್ಟೋ ದಾವೆಗಳು ರಾಜಿಯಾಗಿಬಿಡುವುದರಿಂದ ಹಾಗನ್ನಿಸುವುದು ಸಹಜ. ನನಗೆ ಒಗ್ಗಿದ್ದು ಮಾತ್ರ ಅದರ ನಂತರದ ಕೆಲಸ: ಸಾಕ್ಷ್ಯ, ಪಾಟೀಸವಾಲು. ಹಣ ವಸೂಲಿ ದಾವೆಗಳಿಂದ ಬಂದವನು ನಾನು. ಬಿಲ್ಲು, ಲೆಡ್ಜರು, ಡೆಲಿವರಿ ಚಲನ್ ಓದುತ್ತಲೇ ವಕೀಲಿ ಕಲಿತೆ. ಬೌದ್ಧಿಕ ಆಸ್ತಿಯ ಕೇಸುಗಳಲ್ಲೂ ಕೈ ಹಿಡಿದದ್ದು ಅದೇ ಓದು.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಕಲಂ ನೋಡಿ. ನೋಂದಣಿ ನಿಮ್ಮ ಹೆಸರಿನಲ್ಲಿದ್ದರೂ, ನೀವು ಬಳಸುವುದಕ್ಕೂ ನೋಂದಾಯಿಸುವುದಕ್ಕೂ ಮೊದಲಿನಿಂದ ಆ ಗುರುತನ್ನು ಬಿಡದೆ ಬಳಸುತ್ತ ಬಂದವನನ್ನು ತಡೆಯಲಾಗದು. ಅಲ್ಲಿಗೆ ಜಗಳವೆಲ್ಲ ತಾರೀಖಿನದು. ತಾರೀಖು ಇರುವುದು ಬಿಲ್ಲಿನಲ್ಲಿ.

ಎದುರು ಪಕ್ಷದವರು ಹಳೆಯ ಬಿಲ್ಲುಗಳ ಕಟ್ಟು ಹಾಜರುಪಡಿಸಿದರೆ ನಾನು ಮೊದಲು ಸರಕಿನ ಹೆಸರು ನೋಡುವುದಿಲ್ಲ. ಕ್ರಮಸಂಖ್ಯೆ ಏರುತ್ತ ಹೋಗಿದೆಯೇ, ತೆರಿಗೆ ಸಂಖ್ಯೆ ಯಾವುದು, ಅಂಗಡಿಯ ವಿಳಾಸ ಆಗ ಅದೇ ಇತ್ತೇ, ಇಷ್ಟನ್ನು ನೋಡುತ್ತೇನೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. 2014ರದೆನ್ನುವ ಬಿಲ್ಲಿನ ತಲೆಯ ಮೇಲೆ ಜಿಎಸ್‌ಟಿ ಸಂಖ್ಯೆ ಕೂತಿದ್ದರೆ ಆ ಕಾಗದ 2014ರಲ್ಲಿ ಹುಟ್ಟಿದ್ದಲ್ಲ.

ಇದು ಕಣ್ಣಿಗೆ ಬಿದ್ದ ತಕ್ಷಣ ಜೂನಿಯರ್‌ಗಳಿಗೆ ಸಾಕ್ಷಿಯ ಮೇಲೆರಗುವ ಆತುರ. "ಇದು ಸೃಷ್ಟಿಸಿದ ದಾಖಲೆ ಅಲ್ಲವೇ?" ಎಂದು ಮೊದಲೇ ಕೇಳಿದರೆ, ಮೂಲ ಬಿಲ್ಲು ಕಳೆದುಹೋಯಿತು, ಕಂಪ್ಯೂಟರಿನಿಂದ ಮತ್ತೆ ಪ್ರಿಂಟ್ ತೆಗೆಸಿದೆವು ಎನ್ನುತ್ತಾನೆ, ಆ ಬಾಗಿಲನ್ನು ನಾವೇ ತೆರೆದುಕೊಟ್ಟಂತಾಗುತ್ತದೆ. ನಾನು ಬಾಗಿಲುಗಳನ್ನು ಮೊದಲು ಮುಚ್ಚುತ್ತೇನೆ. ಈ ಬಿಲ್ಲು ಆ ದಿನವೇ ಬರೆದದ್ದೇ? ಹೌದು. ಇದು ಮೂಲವೇ, ಆಮೇಲೆ ತೆಗೆದ ಪ್ರತಿಯೇ? ಮೂಲ. ಆಗಿನಿಂದ ನಿಮ್ಮ ಸುಪರ್ದಿನಲ್ಲೇ ಇದೆಯೇ? ಇದೆ. ಇಷ್ಟು ದಾಖಲಾದ ಮೇಲೆ ಬೇರೆ ವಿಷಯಕ್ಕೆ ಹೊರಳುತ್ತೇನೆ. ನಮ್ಮ ನಿಲುವನ್ನು ಸಾಕ್ಷಿಯ ಮುಂದಿಡಲೇಬೇಕು ಎಂಬ ನಿಯಮವಿರುವುದರಿಂದ ಕೊನೆಯಲ್ಲಿ ಒಂದು ಸೂಚನೆ ಹಾಕುತ್ತೇನೆ. ಸಾಕ್ಷಿ ಅಲ್ಲಗಳೆಯುತ್ತಾನೆ, "ಸದರಿ ಬಿಲ್ಲನ್ನು ದಾವೆಗಾಗಿ ಸೃಷ್ಟಿಸಿದ್ದೇನೆ ಎಂದರೆ ಸರಿಯಲ್ಲ" ಎಂದು ಅವನ ಹೇಳಿಕೆಯಲ್ಲಿ ಟೈಪಾಗುತ್ತದೆ. ಆಗಲಿ. ಜಿಎಸ್‌ಟಿ ಎಂಬ ಪದ ನನ್ನ ಬಾಯಿಂದ ಬರುವುದು ವಾದದ ದಿನ.

ಹೆಸರುಗಳ ಹೋಲಿಕೆಯ ಮೇಲೆ ತಾಸುಗಟ್ಟಲೆ ವಾದಿಸುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಅಮೃತಧಾರಾ–ಲಕ್ಷ್ಮಣಧಾರಾ ಎಂಬ ಎರಡು ಔಷಧಿ ಹೆಸರುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅರೆನೆನಪಿನ ಸಾಮಾನ್ಯ ಗ್ರಾಹಕನನ್ನು ಅಳತೆಗೋಲು ಮಾಡಿತು. ಹೋಲಿಕೆ ಇದೆಯೆಂದೂ ಒಪ್ಪಿತು. ಆದರೂ ಬಹುಕಾಲದಿಂದ ಸುಮ್ಮನಿದ್ದದ್ದು ಅಮೃತಧಾರಾದವರಿಗೆ ಮುಳುವಾಯಿತು. 2018ರ ನಂದಿನಿ ತೀರ್ಪಿನಲ್ಲಿ ಜಗಳ ಕರ್ನಾಟಕ ಹಾಲು ಒಕ್ಕೂಟಕ್ಕೂ ನಂದಿನಿ ಡೀಲಕ್ಸ್ ಹೋಟೆಲಿಗೂ, ಹೆಸರು ಹೆಚ್ಚುಕಡಿಮೆ ಒಂದೇ. ಹಾಲು ಒಕ್ಕೂಟದ ಬಳಕೆ 1985ರಿಂದ, ಹೋಟೆಲಿನದು 1989ರಿಂದ. ಸರಕು ಬೇರೆ, ಗುರುತಿನ ರೂಪ ಬೇರೆ ಎಂದು ಕೋರ್ಟು ಹೋಟೆಲಿನ ಪರ ನಿಂತಿತು. ಎರಡರಲ್ಲೂ ಫಲಿತಾಂಶ ತಿರುಗಿದ್ದು ವಾಸ್ತವಾಂಶಗಳ ಮೇಲೆ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ನನ್ನಂಥವರಿಗೆ ಕೆಲಸ ಹೆಚ್ಚಿತು. ದಾಖಲೆಗಳೆಲ್ಲ ದಾವೆಯ ಜೊತೆಗೇ ಬರಬೇಕು. ಸಮನ್ಸ್ ತಲುಪಿ 120 ದಿನ ದಾಟಿದರೆ ಪ್ರತಿವಾದಿಯ ಲಿಖಿತ ಹೇಳಿಕೆಗೆ ಅವಕಾಶವಿಲ್ಲ. ಮುದ್ದತು ಕೇಳುತ್ತ ಕಾಲ ತಳ್ಳುವವರಿಗೆ ಇದು ಕಷ್ಟದ ಕಾಲ.

ಈಗ ಬಿಲ್ಲಿನ ಜಾಗಕ್ಕೆ ಸ್ಕ್ರೀನ್‌ಶಾಟ್ ಬರುತ್ತಿದೆ. 2024ರ ಜುಲೈಯಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಡಿಜಿಟಲ್ ದಾಖಲೆಗೆ ಕೊಡಬೇಕಾದ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದು ಪಕ್ಷಕಾರರದು, ಇನ್ನೊಂದು ತಜ್ಞರದು, ಜೊತೆಗೆ ಹ್ಯಾಶ್ ಮೌಲ್ಯ, ಅಂದರೆ ಫೈಲು ಬದಲಾಗಿಲ್ಲವೆಂದು ತಾಳೆ ನೋಡುವ ಸಂಕೇತ. ಸ್ಕ್ರೀನ್‌ಶಾಟ್ ತೆಗೆದವರು ಮುಂದೆ ಕಟಕಟೆ ಹತ್ತಬೇಕಾಗಬಹುದು. ಹಾಗಾಗಿ ಅದನ್ನು ಯಾರು ತೆಗೆಯಬೇಕೆಂದು ನೋಟಿಸ್ ಕಳಿಸುವ ಮೊದಲೇ ಕಕ್ಷಿದಾರರ ಜೊತೆ ಕೂತು ತೀರ್ಮಾನಿಸುತ್ತೇನೆ. ಬೇರೆ ಕೆಲಸ ಹುಡುಕುತ್ತಿರುವ ಹುಡುಗನ ಹೆಸರು ಬಂದರೆ ಬೇಡ ಎನ್ನುತ್ತೇನೆ.